ಒಲ್ಲೆ ಎಂದ ಕನಕ

ಕನಕದಾಸರ ಕಥೆ ಎಂದರೆ ನಾವು ಮಕ್ಕಳಿಗೆ ಹೇಳುವುದು ಹೆಚ್ಚಾಗಿ ಎರಡೇ ಪ್ರಸಂಗ. ಒಂದು ಉಡುಪಿಯ ಕಿಂಡಿ, ಇನ್ನೊಂದು ಗುರು ವ್ಯಾಸರಾಯರು ಕೊಟ್ಟ ಬಾಳೆಹಣ್ಣು. ಅವೆರಡಕ್ಕೂ ಮುಂಚಿನದನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತೇವೆ. ಮುಂದೆ ಕನಕದಾಸರಾದ, ಬಾಡದ ದಂಡನಾಯಕ ತಿಮ್ಮಪ್ಪನ ಕನಸಿನಲ್ಲಿ ಆದಿಕೇಶವ ಬಂದು ದಾಸನಾಗೆಂದು ಕರೆದನಂತೆ. ಆತ ಒಪ್ಪಲಿಲ್ಲ. ಕರೆ ಮತ್ತೆ ಬಂತು, ಆಗಲೂ ಒಪ್ಪಲಿಲ್ಲ. ಕೊನೆಗೆ ರಣರಂಗದಲ್ಲಿ ಗಾಯಗೊಂಡು ಬಿದ್ದಾಗ ತಲೆಬಾಗಿದ ಎನ್ನುತ್ತದೆ ಐತಿಹ್ಯ.

ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ನನ್ನ ಮಗ ಇದೇ ಪ್ರಸಂಗದ ಕನಕನಾಗಿದ್ದ. ದುಬೈಯ ಕರಾಮದ ನಮ್ಮ ಮನೆಯ ಹಾಲ್‌ನಲ್ಲಿ ತಾಲೀಮು. ಪರದೆಯ ಹಿಂದೆ ಆದಿಕೇಶವನಾಗಿ ಅವನ ಅಕ್ಕ. ಸೋಫಾದ ಮೇಲೆ ಬ್ಯಾಡಗಿಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ನನ್ನ ಅತ್ತೆ. ಕನಕನ ಕಾಗಿನೆಲೆ ಅವರ ತಾಲ್ಲೂಕಿನ ಊರೇ, ಹಾಗಾಗಿ ನಿರ್ದೇಶನವೂ ಅವರದೇ. “ನಾನು ದಂಡನಾಯಕ, ದಾಸನಾಗಲು ಒಲ್ಲೆ!” ಎಂದು ಮಗ ಕತ್ತಿ ಎತ್ತಿದಾಗ ಆ ‘ಒಲ್ಲೆ’ಯಲ್ಲಿ ಹಾವೇರಿ ಸೀಮೆಯ ಗತ್ತು ಪೂರ್ತಿ ಇತ್ತು. ದುಬೈಯಲ್ಲೇ ಹುಟ್ಟಿದ ಹುಡುಗ ಅಜ್ಜಿಯ ಕನ್ನಡವನ್ನು ಹೀಗೆ ಬಾಯಿತುಂಬ ಆಡಿದ್ದು ಕೇಳಿ ನನಗೆ ಹೆಮ್ಮೆಯಾಯಿತು.

ಅಷ್ಟರಲ್ಲಿ ಸಂಜೆಯ ಮಗ್ರಿಬ್ ನಮಾಜಿನ ಬಾಂಗ್ ಕೇಳಿಸಿತು. ಕಿಟಕಿಯಿಂದ ನೋಡಿದರೆ ನಮ್ಮ ಕಟ್ಟಡದ ನಾತೂರ್, ಅಂದರೆ ಕಾವಲುಗಾರ, ಯಾರದೋ ಕಾರಿಗೆ ಗೇಟು ತೆಗೆದುಕೊಟ್ಟು, ಮಸೀದಿಯ ಕಡೆ ಬೇಗಬೇಗ ಹೆಜ್ಜೆ ಹಾಕುತ್ತಿದ್ದರು. ಮಗ ಕತ್ತಿ ಕೆಳಗಿಳಿಸಿ ಅವರನ್ನೇ ನೋಡುತ್ತಾ ನಿಂತ.

“ಅಮ್ಮಾ, ನಾತೂರ್ ಚಾಚಾಗೆ ಬಾಂಗ್ ಕೇಳುತ್ತೆ, ಹೋಗ್ತಾರೆ. ಕನಕನಿಗೆ ಕನಸು ಬಿತ್ತು. ನಮ್ಮನ್ನ ದೇವರು ಹೇಗೆ ಕರೀತಾನೆ? ಕರೆದಿದ್ದು ಗೊತ್ತೇ ಆಗದೆ ಹೋದ್ರೆ?”

ನಾನು ಉತ್ತರ ಹುಡುಕುತ್ತಿದ್ದೆ. ಅತ್ತೆ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡರು. “ನಿನಗ ಯಾವುದು ಒಲ್ಲೆ ಅನಸ್ತದ ನೋಡು, ಅಲ್ಲಿ ಒಂದೀಟು ನಿಂತು ಕೇಳಪಾ. ಒಮ್ಮೊಮ್ಮೆ ಅಂವಾ ಅಲ್ಲೇ ಇರತಾನ.”

ಮಗನಿಗೆ ಅದು ಎಷ್ಟು ಅರ್ಥವಾಯಿತೋ ತಿಳಿಯದು. ಮರುದಿನ ಶಾಲೆಯಿಂದ ಬಂದವನೇ ಹೊಸ ಸುದ್ದಿ ಹೇಳಿದ. ಅವನ ಗೆಳೆಯ ಇಸ್ಲಾಮಿಕ್ ಸ್ಟಡೀಸ್ ತರಗತಿಯಲ್ಲಿ ಪ್ರವಾದಿ ಯೂನುಸರ ಕಥೆ ಕಲಿತಿದ್ದನಂತೆ. ಅವರೂ ದೇವರು ಒಪ್ಪಿಸಿದ ಊರನ್ನು ಬಿಟ್ಟು ಹಡಗು ಹತ್ತಿದ್ದರು, ಮೀನು ನುಂಗಿತು, ಅದರ ಹೊಟ್ಟೆಯೊಳಗಿನ ಕತ್ತಲಲ್ಲಿ ಪ್ರಾರ್ಥಿಸಿದರು. ಕುರಾನಿನ ಹತ್ತನೆಯ ಅಧ್ಯಾಯಕ್ಕೆ ಅವರದೇ ಹೆಸರು. ಔದ್ ಮೇಥಾದ ಸೇಂಟ್ ಮೇರಿಸ್ ಚರ್ಚಿಗೆ ಹೋಗುವ ನಮ್ಮ ಮಂಗಳೂರಿನ ಗೆಳತಿ ಅದೇ ಕಥೆಯನ್ನು ಬೈಬಲಿನ ಯೋನನ ಕಥೆಯಾಗಿ ಬಲ್ಲಳು. ಕರೆದಾಗ ಒಲ್ಲೆ ಎಂದವರು ನಮ್ಮ ಕನಕ ಒಬ್ಬರೇ ಅಲ್ಲ ಎಂದು ತಿಳಿದು ಮಗನಿಗೆ ದೊಡ್ಡ ಸಮಾಧಾನ. ನನಗೂ ಸಮಾಧಾನವೇ. ಈ ನೆಲದಲ್ಲಿ ಬೆಳೆಯುವ ಮಕ್ಕಳಿಗೆ ಇಂಥ ಗೆಳೆತನ ಸುಲಭವಾಗಿ ಸಿಗುತ್ತಿದೆ.

ಆದರೆ ಅತ್ತೆಯ ಮಾತು ನನ್ನನ್ನು ಬಿಡಲಿಲ್ಲ. ಬರ್ ದುಬೈಯ ಕ್ರೀಕ್ ಪಕ್ಕದ ಇಕ್ಕಟ್ಟಿನ ಓಣಿಯಲ್ಲಿ ಹಳೆಯ ದೇವಸ್ಥಾನದ ದರ್ಶನಕ್ಕೆ ಹೂವಿನ ಬುಟ್ಟಿ ಹಿಡಿದು ಸಾಲು ನಿಂತವರು ನಾವು. 2022ರ ದಸರೆಗೆ ಜೆಬೆಲ್ ಅಲಿಯಲ್ಲಿ ದೇವಸ್ಥಾನ ತೆರೆಯಿತು. 2024ರ ಫೆಬ್ರವರಿ 14ರಂದು ಅಬುಧಾಬಿಯ ಅಬು ಮುರೈಖಾದಲ್ಲಿ ಏಳು ಎಮಿರೇಟುಗಳ ಹೆಸರಿನಲ್ಲಿ ಏಳು ಶಿಖರಗಳ ಮಂದಿರ ಉದ್ಘಾಟನೆಯಾಯಿತು. ಕೃತಜ್ಞತೆಯಿಂದ ಕೈಮುಗಿಯಬೇಕಾದ ಸಂಗತಿ ಇದು. ಅಲ್ಲಿ ನಿಂತು ನಾವು ಹೇಳಿಕೊಳ್ಳುವುದೋ ಬಹಳ: ವೀಸಾ ನವೀಕರಣ, ಬಡ್ತಿ, ಮಕ್ಕಳ ಅಂಕ, ಊರಿನ ಸೈಟು. ಕೇಳಿಸಿಕೊಳ್ಳಲು ಎಷ್ಟು ಹೊತ್ತು ನಿಲ್ಲುತ್ತೇವೆ?

ದಾಸರ ಕಥೆಗಳಲ್ಲಿ ದೇವರು ಸಲ್ಲದ ಹೊತ್ತಿಗೇ ಬರುತ್ತಾನೆ. ಪುರಂದರದಾಸರಾಗುವ ಮುಂಚಿನ ಶ್ರೀನಿವಾಸ ನಾಯಕನ ಅಂಗಡಿಗೆ ಬಡ ಬ್ರಾಹ್ಮಣನಾಗಿ, ಮಗನ ಉಪನಯನಕ್ಕೆ ಹಣ ಬೇಡುತ್ತಾ ದಿನವೂ ಬಂದು ಕಾಡುತ್ತಾನೆ. ನಮಗೆ ಆ ಬ್ರಾಹ್ಮಣ ಬರುವುದು ಫೋನಿನಲ್ಲಿ. ಸೋನಾಪುರದ ಲೇಬರ್ ಕ್ಯಾಂಪಿನಿಂದ ಸಂಬಳ ಸಿಗದ ಹುಡುಗ, ಆಸ್ಪತ್ರೆಯಲ್ಲಿ ಮಾತು ತಿಳಿಯದೆ ಕುಳಿತ ತಾಯಿ. ದಣಿದು ಮಲಗುವ ಹೊತ್ತಿಗೆ ಮೊಬೈಲ್ ಹೊಡೆದುಕೊಂಡಾಗ ಒಳಗಿಂದ ಬರುವ ಮೊದಲ ಮಾತು ‘ಒಲ್ಲೆ’ಯೇ. 2020ರ ಕೋವಿಡ್ ದಿನಗಳಲ್ಲಿ ಊರಿಗೆ ಹೋಗಲಾಗದೆ ಕುಳಿತವರಿಗೆ ಊಟ, ಔಷಧಿ, ವಿಮಾನದ ಸೀಟು ಹುಡುಕಿಕೊಟ್ಟವರು ನಮ್ಮ ನಡುವೆಯೇ ಇದ್ದಾರೆ. ಅವರಿಗೂ ಹಾಗೆ ಅನಿಸಿರಬೇಕು. ಅನಿಸಿದ ಮೇಲೂ ಎದ್ದು ಚಪ್ಪಲಿ ಮೆಟ್ಟಿದರು.

ಇಷ್ಟು ಹೇಳಿದರೂ ನನ್ನ ಆತಂಕ ತೀರದು. ಮನಸ್ಸು ಒಲ್ಲೆ ಎಂದದ್ದೆಲ್ಲ ದೇವರ ಕರೆಯಲ್ಲ, ಆಜ್ಞೆ ಕೊಡುವವರೆಲ್ಲ ದೇವರ ಪರವಾಗಿ ಮಾತಾಡುವವರೂ ಅಲ್ಲ. ಶನಿವಾರ ಮಗ ಫುಟ್ಬಾಲ್ ಬಿಟ್ಟು ಕನ್ನಡ ತರಗತಿಗೆ ಬರಬೇಕೆಂಬುದು ನನ್ನಾಸೆ. ಅದನ್ನು ದೇವರ ಬಾಯಲ್ಲಿಟ್ಟು ಹೇಳಿಸಿದರೆ ಮಗುವಿಗೂ ದೇವರಿಗೂ ಅನ್ಯಾಯ. ಬಾಳೆಹಣ್ಣಿನ ಕಥೆ ನನಗೆ ಈಗ ಬೇರೆಯಾಗಿ ಕಾಣುತ್ತಿದೆ. ಯಾರೂ ಕಾಣದಲ್ಲಿ ತಿಂದು ಬಾ ಎಂದು ಗುರುಗಳೇ ಹೇಳಿದ್ದರು. ಉಳಿದ ಶಿಷ್ಯರೆಲ್ಲ ತಿಂದು ಬಂದರು. ದೇವರು ಕಾಣದ ಜಾಗವೇ ಸಿಗಲಿಲ್ಲವೆಂದು ಹಣ್ಣನ್ನು ಹಾಗೆಯೇ ತಂದ ಕನಕ ಹೊರನೋಟಕ್ಕೆ ಹೇಳಿದ ಮಾತು ನಡೆಸದ ಶಿಷ್ಯ. ದೇವರ ಮಾತು ಕೇಳುವುದೆಂದರೆ ಹೇಳಿದ್ದಕ್ಕೆಲ್ಲ ಹೂಂ ಅನ್ನುವುದಲ್ಲ ಎಂಬುದನ್ನು ಈ ಮಕ್ಕಳಿಗೆ ಹೇಗೆ ಕಲಿಸಬೇಕು? ಅಜ್ಜಿ ಪಕ್ಕದಲ್ಲಿ ಕೂತು ಕಲಿಸಬಹುದಿತ್ತು, ಆದರೆ ಅಜ್ಜಿಯ ವೀಸಾ ಮುಗಿಯುತ್ತದೆ. ನಾಳೆ ಈ ಮಕ್ಕಳು ಟೊರಾಂಟೊದಲ್ಲಿರುತ್ತಾರೋ ಮೆಲ್ಬರ್ನ್‌ನಲ್ಲಿರುತ್ತಾರೋ. ಅಲ್ಲಿ ‘ಒಂದೀಟು ನಿಂತು ಕೇಳಪಾ’ ಎನ್ನುವವರು ಯಾರು?

ಈ ವರ್ಷವೂ ನವೆಂಬರ್‌ನಲ್ಲಿ ರಾಜ್ಯೋತ್ಸವ, ಅದರ ನಂತರ ಕನಕ ಜಯಂತಿ. ಇಲ್ಲಿನ ಕನ್ನಡ ಸಂಘಗಳ ಕಾರ್ಯಕಾರಿ ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಸಮಯ ಸಾಲದೆಂದು ಮಕ್ಕಳ ನಾಟಕದಿಂದ ಕನಕ ಒಪ್ಪದ ದೃಶ್ಯಗಳನ್ನು ಕತ್ತರಿಸಬೇಡಿ. ಬೇಕಿದ್ದರೆ ನಮ್ಮ ದೊಡ್ಡವರ ಭಾಷಣಗಳಲ್ಲಿ ಐದು ನಿಮಿಷ ಕಡಿಮೆ ಮಾಡಿ, ಮಕ್ಕಳಿಗೆ ಕೊಡಿ.