ತಾಗಿದ್ದನ್ನು ಹೇಳಬೇಕೆ?

ಮಂಗಳೂರಿನಲ್ಲಿ ಕೊಂಡ ಹೊಸ ಕಾರು ಎಷ್ಟೋ ಸಲ ಮನೆಗಿಂತ ಮೊದಲು ಕಟೀಲಿಗೆ ಹೋಗುತ್ತದೆ. ಕಾವೂರು ಕಳೆದು, ಮರವೂರಿನಲ್ಲಿ ಫಲ್ಗುಣಿ ನದಿಯ ಸೇತುವೆ ದಾಟಿ, ಬಜಪೆ ಪೇಟೆಯೊಳಗೆ ಹಾದು, ನಂದಿನಿ ನದಿಯ ನಡುವೆ ನೆಲೆಯಾದ ದುರ್ಗಾಪರಮೇಶ್ವರಿಯ ಎದುರು ನಿಲ್ಲುತ್ತದೆ. ಬಾನೆಟ್ಟಿಗೆ ಮಾಲೆ, ಗಾಜಿಗೆ ಕುಂಕುಮ, ಚಕ್ರದ ಅಡಿಗೆ ಲಿಂಬೆಹಣ್ಣು. ಕ್ರೈಸ್ತರ ಮನೆಯದಾದರೆ ಇಗರ್ಜಿಯ ಅಂಗಳದಲ್ಲಿ ಪಾದ್ರಿಗಳು ತೀರ್ಥ ಚಿಮುಕಿಸಿ ಹರಸುತ್ತಾರೆ. ಮುಸ್ಲಿಮರ ಮನೆಯದಾದರೆ ಉಸ್ತಾದರು ದುವಾ ಮಾಡುತ್ತಾರೆ. ಹರಕೆ ಯಾವುದೇ ಇರಲಿ, ಡ್ಯಾಶ್‌ಬೋರ್ಡಿನ ಒಳಗಿನ ಕಾಗದ ಮಾತ್ರ ಎಲ್ಲರಿಗೂ ಒಂದೇ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಯುವ ಹಾಗಿಲ್ಲ.

ಮೊದಲ ಗೀರು ಬೀಳಲು ಬಹಳ ದಿನ ಬೇಕಾಗುವುದಿಲ್ಲ. ಬಜಪೆಯ ರಸ್ತೆಯಲ್ಲಿ ಏರ್‌ಪೋರ್ಟಿನ ಟ್ಯಾಕ್ಸಿ, ಕಟೀಲಿನ ಯಾತ್ರಿಕರ ವ್ಯಾನು, ಟೈಮಿಂಗ್ ಹಿಡಿಯಲು ಓಡುವ ಸರ್ವಿಸ್ ಬಸ್ಸು ಎಲ್ಲವೂ ಒಟ್ಟಿಗೇ ನುಗ್ಗುತ್ತವೆ. ಅಂಗಡಿ ಎದುರಿನಿಂದ ಕಾರನ್ನು ರಿವರ್ಸ್ ತೆಗೆಯುವಾಗ ಹಿಂದೆ ನಿಂತ ಸ್ಕೂಟರಿಗೆ ಬಂಪರ್ ತಾಗುತ್ತದೆ. ಸ್ಕೂಟರಿನ ಇಂಡಿಕೇಟರ್ ಒಡೆಯುತ್ತದೆ, ಬಂಪರಿನ ಮೂಲೆಯಲ್ಲಿ ಅಂಗೈ ಅಗಲದ ಬಣ್ಣ ಎದ್ದುಹೋಗುತ್ತದೆ. ಇಳಿದವರು ಹೆಬ್ಬೆರಳಿಗೆ ಎಂಜಲು ಮಾಡಿ ಅದನ್ನು ಉಜ್ಜಿ ನೋಡುತ್ತಾರೆ, ಧೂಳೋ ಗೀರೋ ಎಂದು. ಪಕ್ಕದ ಅಂಗಡಿಯವರು ಮಧ್ಯಸ್ಥಿಕೆಗೆ ಬರುತ್ತಾರೆ: “ಎಂಥ ಇಲ್ಲ ಮಾರಾಯ್ರೇ, ಇಂಡಿಕೇಟರಿನ ದುಡ್ಡು ಕೊಟ್ಟುಬಿಡಿ, ಸುಮ್ಮನೆ ಯಾಕೆ ಗಲಾಟೆ.” ಐನೂರರ ಒಂದು ನೋಟಿನಲ್ಲಿ ವಿಷಯ ಮುಗಿಯುತ್ತದೆ.

ಮುಗಿಯಿತೇ? ಇನ್ಶೂರೆನ್ಸ್‌ನವರಿಗೆ ತಿಳಿಸಬೇಕೆ, ತಿಳಿಸದೆ ಇದ್ದರೆ ಅದು ಸುಳ್ಳಾಗುತ್ತದೆಯೇ ಎಂಬ ಪ್ರಶ್ನೆ ಏಳುವುದು ರಾತ್ರಿ ಊಟಕ್ಕೆ ಕೂತಾಗ. ಮೇಲುನೋಟಕ್ಕೆ ಇದು ದುಡ್ಡಿನ ಲೆಕ್ಕ. ಒಳಗೆ ನೋಡಿದರೆ ಧರ್ಮಶಾಸ್ತ್ರಗಳು ಸಾವಿರಾರು ವರ್ಷ ತಲೆಕೆಡಿಸಿಕೊಂಡ ಪ್ರಶ್ನೆಯೇ ಇದು: ಸುಮ್ಮನಿರುವುದು ಸುಳ್ಳೇ?

ದುಡ್ಡಿನ ಲೆಕ್ಕವನ್ನು ಮೊದಲು ಮುಗಿಸಬಹುದು. ಕ್ಲೇಮ್ ಇಲ್ಲದ ವರ್ಷಗಳಿಗೆ ಕಂಪೆನಿ ಕೊಡುವ ನೋ ಕ್ಲೇಮ್ ಬೋನಸ್ ಮೊದಲ ವರ್ಷಕ್ಕೆ ಶೇ. 20, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಇದು ಸ್ವಂತ ಗಾಡಿಯ ಹಾನಿಗೆ ಕಟ್ಟುವ ಪ್ರೀಮಿಯಮ್ಮಿನ ಮೇಲೆ ಮಾತ್ರ ಸಿಗುವ ರಿಯಾಯಿತಿ. ಒಂದು ಕ್ಲೇಮ್ ಪಡೆದರೆ ಏಣಿಯ ತುದಿಯಿಂದ ನೇರ ನೆಲಕ್ಕೆ. ಆ ಪ್ರೀಮಿಯಮ್ 10,000 ರೂಪಾಯಿ ಎಂದು ಇಟ್ಟುಕೊಳ್ಳಿ, ಈಗ ಶೇ. 35 ಬೋನಸ್ ಇರುವವರು ಕ್ಲೇಮ್ ಪಡೆದರೆ ಮುಂದಿನ ವರ್ಷ 5,500ರ ಬದಲು ಪೂರ್ತಿ 10,000 ಕಟ್ಟಬೇಕು. ಅದರ ಮರುವರ್ಷ 5,000ದ ಬದಲು 8,000. ಹೀಗೆ ಏಣಿ ಮತ್ತೆ ಹತ್ತುವಷ್ಟರಲ್ಲಿ ಐದು ವರ್ಷಕ್ಕೆ ಒಟ್ಟು 12,000 ರೂಪಾಯಿ ಹೆಚ್ಚು ಹೋಗಿರುತ್ತದೆ. ಬಂಪರಿನ ಕೆಲಸಕ್ಕೆ 6,000 ಆದರೆ, 1500 ಸಿಸಿ ಒಳಗಿನ ಕಾರಿನ ಮಾಲೀಕರು ಕಡ್ಡಾಯವಾಗಿ ಕೈಯಿಂದ ಹಾಕಬೇಕಾದ 1,000 ಕಳೆದು ಸಿಗುವುದು 5,000. ಟಿಂಕರಿಂಗ್ ಅಂಗಡಿಯವರು “ಇದಕ್ಕೆಲ್ಲ ಕ್ಲೇಮ್ ಹಾಕ್ಲಿಕ್ಕೆ ಹೋಗ್ಬೇಡಿ” ಎನ್ನುವುದರಲ್ಲಿ ತಪ್ಪೇನೂ ಇಲ್ಲ. ಚಿಕ್ಕಪುಟ್ಟದ್ದಕ್ಕೆ ಬರಬೇಡಿ ಎಂದು ಕಂಪೆನಿಯೇ ಬಹುಮಾನ ಇಟ್ಟಿದೆ. ಸ್ವಂತ ಗೇಟಿನ ಕಂಬಕ್ಕೆ ತಾಗಿಸಿಕೊಂಡು ಸ್ವಂತ ದುಡ್ಡಿನಲ್ಲಿ ಬಣ್ಣ ಬಳಿಸಿಕೊಂಡವರು ಯಾರಿಗೂ ಯಾವ ಸುಳ್ಳನ್ನೂ ಹೇಳಿಲ್ಲ. ಅವರು ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ಸ್ಕೂಟರಿನ ಇಂಡಿಕೇಟರ್ ಮಾತ್ರ ಬೇರೆಯ ಕತೆ. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಹೇಳುವುದನ್ನು ಬಹಳ ಜನ ಓದಿಲ್ಲ. ಅಪಘಾತದಲ್ಲಿ ಯಾರಿಗಾದರೂ ಗಾಯವಾದರೆ, ಅಥವಾ ಇನ್ನೊಬ್ಬರ ಆಸ್ತಿಗೆ ಹಾನಿಯಾದರೆ, ಚಾಲಕ ಪೊಲೀಸರಿಗಷ್ಟೇ ಅಲ್ಲ, ವಿಮಾ ಕಂಪೆನಿಗೂ ಬರಹದಲ್ಲಿ ತಿಳಿಸಬೇಕು: ಪಾಲಿಸಿ ನಂಬರು, ದಿನ, ಹೊತ್ತು, ಜಾಗ, ಗಾಯಗೊಂಡವರಿದ್ದರೆ ಅವರ ವಿವರ, ಚಾಲಕನ ಹೆಸರು ಮತ್ತು ಲೈಸೆನ್ಸ್. ಕಂಪೆನಿಗೆ ತಿಳಿಸುವ ಈ ಮಾತು 1994ರ ತಿದ್ದುಪಡಿಯಲ್ಲಿ ಸೇರಿದ್ದು. ಎಷ್ಟು ರೂಪಾಯಿಯ ಹಾನಿ ಎಂಬ ಗೆರೆಯನ್ನು ಕಾಯ್ದೆ ಅಲ್ಲಿ ಎಳೆದಿಲ್ಲ. ಇಷ್ಟೇ ಅಲ್ಲ, ಕಂಪೆನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ದುಡ್ಡು ಕೊಡಬಾರದು ಎಂಬ ಷರತ್ತೂ ಕಾರಿನ ಪಾಲಿಸಿಯಲ್ಲಿ ಇದೆ. ಅಂಗಡಿ ಎದುರಿನ ಐನೂರು ರೂಪಾಯಿಯ ಪಂಚಾಯಿತಿಕೆ ಊರಿನ ದೃಷ್ಟಿಯಲ್ಲಿ ಮರ್ಯಾದೆಯ ಕೆಲಸ, ಕಾಗದದ ದೃಷ್ಟಿಯಲ್ಲಿ ಷರತ್ತಿನ ಉಲ್ಲಂಘನೆ.

ಯಾವುದು ಧರ್ಮ? ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೋ ಕರ್ತವ್ಯಗಳ ಕುರಿತು ಬರೆದ ಗ್ರಂಥದಲ್ಲಿ ಒಂದು ಬಂದರಿನ ಕತೆಯಿದೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಅಲೆಕ್ಸಾಂಡ್ರಿಯಾದಿಂದ ಒಬ್ಬ ವ್ಯಾಪಾರಿ ಹಡಗಿನ ತುಂಬ ಧಾನ್ಯ ತರುತ್ತಾನೆ. ಹಿಂದೆ ಇನ್ನೂ ಹಡಗುಗಳು ಬರುತ್ತಿವೆ ಎಂಬುದು ಅವನಿಗೆ ಮಾತ್ರ ಗೊತ್ತು. ಅದನ್ನು ಹೇಳಿದರೆ ಬೆಲೆ ಇಳಿಯುತ್ತದೆ. ಹೇಳಬೇಕೆ? ಮುಚ್ಚಿಡುವುದು ಬೇರೆ, ಸುಮ್ಮನಿರುವುದು ಬೇರೆ ಎಂದು ಡಯೋಜಿನಿಸ್ ಎಂಬ ತತ್ತ್ವಜ್ಞಾನಿ ವಾದಿಸಿದ. ಮಾರುವವನಿಗೆ ಗೊತ್ತಿರುವುದೆಲ್ಲ ಕೊಳ್ಳುವವರಿಗೂ ಗೊತ್ತಾಗಬೇಕು ಎಂದು ಅವನ ಶಿಷ್ಯ ಆಂಟಿಪೇಟರ್ ತಿರುಗಿ ನಿಂತ. ಸಿಸೆರೋ ಶಿಷ್ಯನ ಪರ: ಕೊಳ್ಳುವವರಿಗೆ ಗೊತ್ತಿರಬೇಕಾದ್ದನ್ನು ತನ್ನ ಲಾಭಕ್ಕಾಗಿ ಹೇಳದೆ ಇರುವುದೇ ಮುಚ್ಚಿಡುವುದು. ಹದಿಮೂರನೇ ಶತಮಾನದಲ್ಲಿ ಇದೇ ವ್ಯಾಪಾರಿಯ ಪ್ರಶ್ನೆಯನ್ನು ಎತ್ತಿಕೊಂಡ ಸಂತ ಥಾಮಸ್ ಅಕ್ವಿನಾಸ್ ಸ್ವಲ್ಪ ಸಡಿಲ ಮಾಡಿದರು: ಹೇಳದೆ ಮಾರಿದರೆ ಅನ್ಯಾಯವಾಗಲಿಲ್ಲ, ಹೇಳಿ ಮಾರಿದರೆ ಸದ್ಗುಣ ಹೆಚ್ಚು. ನ್ಯಾಯದ ಗೆರೆ ಒಂದು ಕಡೆ, ಒಳ್ಳೆಯತನದ ಗೆರೆ ಅದರಾಚೆ. ಈ ಎರಡನ್ನೂ ಒಂದೇ ಎಂದುಕೊಂಡು ಕೆಲವರು ಸಣ್ಣ ಗೀರಿಗೂ ಪಾಪಪ್ರಜ್ಞೆ ಪಡುತ್ತಾರೆ, ಕೆಲವರು ದೊಡ್ಡ ಮೋಸಕ್ಕೂ ಸಮಾಧಾನ ಹೇಳಿಕೊಳ್ಳುತ್ತಾರೆ.

ಇನ್ನೂ ಸೂಕ್ಷ್ಮವಾದ ಉತ್ತರ ಬಜಪೆಗೆ ಹತ್ತಿರದಲ್ಲೇ ಇದೆ. ಕಟೀಲು, ಕಿನ್ನಿಗೋಳಿ ದಾಟಿದರೆ 1430ರ ಸಾವಿರ ಕಂಬದ ಬಸದಿಯ ಮೂಡಬಿದಿರೆ. ಅಲ್ಲಿನ ಜೈನ ಪರಂಪರೆ ಗೌರವಿಸುವ ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಗೃಹಸ್ಥನ ಸತ್ಯವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ತಟ್ಟುವ ದೋಷಗಳನ್ನು, ಹೇಳುತ್ತದೆ. ಅವುಗಳಲ್ಲಿ ಒಂದು ಕೂಟಲೇಖಕ್ರಿಯೆ, ಅಂದರೆ ಸುಳ್ಳು ದಸ್ತಾವೇಜು ಬರೆಯುವುದು. ಇನ್ನೊಂದು ನ್ಯಾಸಾಪಹಾರ. ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ ವ್ಯಾಖ್ಯಾನ ಅದನ್ನು ಬಿಡಿಸಿ ಹೇಳುತ್ತದೆ: ಠೇವಣಿ ಇಟ್ಟವನು ಮರೆತು ಕಡಿಮೆ ಲೆಕ್ಕ ಕೇಳಿದಾಗ ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುವುದು. ಇಲ್ಲಿ ಸುಳ್ಳು ಹುಟ್ಟಿಸಿದವರು ಯಾರೂ ಇಲ್ಲ. ಇನ್ನೊಬ್ಬರ ಅಜ್ಞಾನವನ್ನು ತಲೆಯಾಡಿಸಿ ತನ್ನದಾಗಿಸಿಕೊಂಡದ್ದೇ ತಪ್ಪು. ವ್ಯಾಪಾರ ಮಾಡಿ ಬದುಕುವ ಗೃಹಸ್ಥರಿಗಾಗಿ ಹೇಳಿದ ಮಾತಾದ್ದರಿಂದ ಇದು ಕಾರಿನ ಕಾಗದಕ್ಕೂ ನೇರವಾಗಿ ತಗಲುತ್ತದೆ.

ಎಲ್ಲಿ ತಗಲುತ್ತದೆ ಎಂದು ನೋಡಿ. ಪಾಲಿಸಿಯನ್ನು ಬೇರೆ ಕಂಪೆನಿಗೆ ಬದಲಾಯಿಸುವಾಗ ಬೋನಸ್ ಬೇಕಾದರೆ, ಕಳೆದ ಅವಧಿಯಲ್ಲಿ ಕ್ಲೇಮ್ ಇರಲಿಲ್ಲ ಎಂದು ಸಹಿ ಹಾಕಿಕೊಡಬೇಕು. ಸುಳ್ಳಾದರೆ ಸ್ವಂತ ಗಾಡಿಯ ಹಾನಿಗೆ ಇರುವ ರಕ್ಷಣೆ ಪೂರ್ತಿ ಹೋಗುತ್ತದೆ. ಕ್ಲೇಮ್ ಪಡೆದವರು ‘ಇಲ್ಲ’ ಎಂದು ಟಿಕ್ ಮಾಡಿದರೆ ಅದು ಕೂಟಲೇಖವೇ. ಕ್ಲೇಮ್ ಫಾರ್ಮಿನಲ್ಲಿ ಗಾಡಿ ಯಾರು ಓಡಿಸುತ್ತಿದ್ದರು ಎಂದು ಕೇಳುವ ಸಾಲಿದೆ. ಲೈಸೆನ್ಸ್ ಇಲ್ಲದ ಮಗ ಓಡಿಸಿದ್ದಕ್ಕೆ ಅಪ್ಪ ತನ್ನ ಹೆಸರು ಬರೆಯುವುದುಂಟು. ಹಳೆಯ ಎರಡು ಗುಳಿಯನ್ನೂ ಹೊಸ ಗೀರಿನ ಜೊತೆ ಸೇರಿಸಿ “ಒಂದೇ ಸಲಕ್ಕೆ ಆದದ್ದು ಅಂತ ಬರೆಯುವ” ಎನ್ನುವ ಸಲಹೆಯೂ ಗ್ಯಾರೇಜಿನಲ್ಲಿ ಸಿಗುತ್ತದೆ. ಮದೀನಾದ ಸಂತೆಯ ಪ್ರಸಂಗ ಇಲ್ಲಿ ನೆನಪಾಗಬೇಕು. ಪ್ರವಾದಿಯವರು ಧಾನ್ಯದ ರಾಶಿಯೊಳಗೆ ಕೈ ತೂರಿಸಿದಾಗ ಒಳಗಿನ ಕಾಳು ಒದ್ದೆ. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ನೆನೆದದ್ದನ್ನು ಜನರಿಗೆ ಕಾಣುವ ಹಾಗೆ ಮೇಲೆ ಇಡಬೇಕಿತ್ತು ಎಂದರು ಅವರು. ನೆನೆದದ್ದು ಅಪರಾಧವಾಗಿರಲಿಲ್ಲ. ಐದು ವರ್ಷದ ಮೇಲೆ ಅದೇ ಕಾರನ್ನು ಮಾರುವಾಗ, ಕೊಳ್ಳುವವರು “ಎಲ್ಲಾದರೂ ಗುದ್ದಿದೆಯಾ?” ಎಂದು ಕೇಳಿದರೆ ಆಗ ಸುಮ್ಮನಿರುವ ಹಕ್ಕು ಮಾಲೀಕರಿಗೆ ಇರುವುದಿಲ್ಲ.

ಕರಾವಳಿಯವರು ಸತ್ಯಕ್ಕೆ ಹೆದರದವರಲ್ಲ. ಸಾಲ, ಆಸ್ತಿ, ಮೋಸದ ತಕರಾರು ಹೊತ್ತುಕೊಂಡು ಇವತ್ತಿಗೂ ಜನ ಕಾಸರಗೋಡಿನ ಕಾನತ್ತೂರಿನ ನಾಲ್ವರ್ ದೈವಗಳ ಸನ್ನಿಧಿಗೆ ಹೋಗುತ್ತಾರೆ. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಎದುರು ನ್ಯಾಯ ಹೇಳಿಸಿಕೊಳ್ಳುವ ಹೊಯ್ಲಿನ ಸಂಪ್ರದಾಯವಿದೆ. ಅಲ್ಲೆಲ್ಲ ಎದುರಿಗೆ ಒಬ್ಬ ಮನುಷ್ಯನಿರುತ್ತಾನೆ, ಅವನ ಕಣ್ಣು ನೋಡಿ ಪ್ರಮಾಣ ಮಾಡಬೇಕು. ಇನ್ಶೂರೆನ್ಸ್ ಕಂಪೆನಿಗೆ ಮುಖವಿಲ್ಲ. ದೈವದ ಎದುರು ಒಂದು ತೆಂಗಿನಕಾಯಿಯ ಬಗ್ಗೆಯೂ ಸುಳ್ಳು ಹೇಳದವರು ಫಾರ್ಮಿನಲ್ಲಿ ದಿನಾಂಕ ತಿದ್ದಲು ಹಿಂಜರಿಯದೆ ಇರುವುದಕ್ಕೆ ಕಾರಣ ಇದೇ ಇರಬೇಕು. ಆದರೆ ಕಂಪೆನಿ ಕೊಡುವ ದುಡ್ಡು ಕಂಪೆನಿಯ ಗದ್ದೆಯಲ್ಲಿ ಬೆಳೆದದ್ದಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಉಳಿತಾಯ ಶುರುಮಾಡಿದ್ದು ಈ ಕರಾವಳಿಯಲ್ಲೇ. ಬೀಡಿ ಕಟ್ಟುವವರ, ಮೀನು ಮಾರುವವರ ಚಿಲ್ಲರೆ ಕೂಡಿ ದೊಡ್ಡದಾಗುವುದು ಹೇಗೆ ಎಂಬುದನ್ನು ಇಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ. ವಿಮೆಯ ನಿಧಿಯೂ ಕಾಣದ ಸಾವಿರಾರು ಜನರ ಪ್ರೀಮಿಯಮ್. ಹಳೆಯ ಗುಳಿಯನ್ನು ಹೊಸದೆಂದು ಬರೆದರೆ ದುಡ್ಡು ಹೋಗುವುದು ಪೊರ್ಕೋಡಿಯ ಆಟೋದವರ, ಕೆಂಜಾರಿನ ಟ್ಯಾಕ್ಸಿಯವರ ಗಂಟಿನಿಂದ.

“ಕಂಪೆನಿ ನಮಗೆ ನ್ಯಾಯವಾಗಿ ಕೊಡ್ತದಾ?” ಎಂಬ ಎದುರು ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬಜಪೆಗಂತೂ ಆ ಪ್ರಶ್ನೆ ಕೇಳುವ ಹಕ್ಕಿದೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಇಲ್ಲಿನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತರು, ಬದುಕಿದವರು 8 ಮಂದಿ. ಪರಿಹಾರಕ್ಕಾಗಿ ಕುಟುಂಬಗಳು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಮಡಿದ ಒಬ್ಬರ ಮನೆಯವರಿಗೆ ಸುಮಾರು 7.64 ಕೋಟಿ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರಲ್ಲಿ, ಹೆಚ್ಚುಕಡಿಮೆ ಹತ್ತು ವರ್ಷದ ಮೇಲೆ. ಇದನ್ನು ಕಣ್ಣಾರೆ ಕಂಡ ಊರು ಕಾಗದದ ಭರವಸೆಯನ್ನು ಸಂಶಯದಿಂದ ನೋಡಿದರೆ ಆಶ್ಚರ್ಯವಿಲ್ಲ.

ಆದರೆ ಪ್ರಾಮಾಣಿಕತೆಯ ಹೊಣೆ ಇಬ್ಬರದು ಎಂಬುದು ವಿಮೆಯ ಕಾನೂನಿನ ಬುಡದಲ್ಲೇ ಇದೆ. 1766ರಲ್ಲಿ ಇಂಗ್ಲೆಂಡಿನ ಲಾರ್ಡ್ ಮ್ಯಾನ್ಸ್‌ಫೀಲ್ಡ್ ತೀರ್ಮಾನಿಸಿದ ಕಾರ್ಟರ್ ಮತ್ತು ಬೋಯೆಮ್ ಮೊಕದ್ದಮೆ ಸುಮಾತ್ರಾದ ಮಾರ್ಲ್‌ಬರೋ ಕೋಟೆಯ ವಿಮೆಯದು. ಕೋಟೆ ದುರ್ಬಲವೆಂದು ಮುಚ್ಚಿಟ್ಟರು ಎಂದು ವಿಮೆ ಕೊಟ್ಟವನು ದೂರಿದ. ಗೊತ್ತಿರಬೇಕಾದ್ದನ್ನು ವಿಚಾರಿಸದೆ ಪ್ರೀಮಿಯಮ್ ತೆಗೆದುಕೊಂಡು ಆಮೇಲೆ ನೆಪ ಹೇಳುವಂತಿಲ್ಲ ಎಂದು ಕೋರ್ಟ್ ಅವನ ವಿರುದ್ಧವೇ ತೀರ್ಪು ಕೊಟ್ಟಿತು. ನಮ್ಮ ಸುಪ್ರೀಂ ಕೋರ್ಟ್ ಕೂಡ 2000ದಲ್ಲಿ ಮಾಡರ್ನ್ ಇನ್ಸುಲೇಟರ್ಸ್ ಪ್ರಕರಣದಲ್ಲಿ ಈ ಹೊಣೆ ಕಂಪೆನಿಗೂ ಇದೆ ಎಂದಿತು. ತಡವಾಗಿ ತಿಳಿಸಿದರು ಎಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ತಿರಸ್ಕರಿಸಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರಲ್ಲಿ ಸುತ್ತೋಲೆ ಹೊರಡಿಸಿದೆ. ಲಾರಿ ಕಳವಾದ ಎಂಟು ದಿನಗಳ ಮೇಲೆ ತಿಳಿಸಿದ ಮಾಲೀಕರ ಪರವಾಗಿ 2017ರಲ್ಲಿ ಸುಪ್ರೀಂ ಕೋರ್ಟ್ ನಿಂತಿತು.

ಹಾಗಾದರೆ ಸ್ಕೂಟರಿಗೆ ತಾಗಿಸಿದವರು ಏನು ಮಾಡಬೇಕು? ಮೊದಲ ಋಣ ಸ್ಕೂಟರಿನವರದು. ಅವರು ಅಲ್ಲಿ ಇಲ್ಲದಿದ್ದರೆ ಹುಡುಕಬೇಕು, ಅಂಗಡಿಯವರ ಹತ್ತಿರ ಫೋನ್ ನಂಬರು ಬಿಟ್ಟು ಬರಬೇಕು. ಯಾರೂ ನೋಡಲಿಲ್ಲ ಎಂದು ಹೊರಟುಹೋಗುವುದಕ್ಕೆ ಯಾವ ಶಾಸ್ತ್ರದಲ್ಲೂ ಕ್ಷಮೆಯಿಲ್ಲ. ಎರಡನೆಯದು ಕಂಪೆನಿಗೆ ತಿಳಿಸುವುದು. ತಿಳಿಸುವುದು ಬೇರೆ, ಕ್ಲೇಮ್ ಕೇಳುವುದು ಬೇರೆ. ಬಂಪರಿನ ಖರ್ಚನ್ನು ತಾನೇ ಹಾಕಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಆವತ್ತು ಇಂಡಿಕೇಟರ್ ಮಾತ್ರ ಎಂದವರಿಗೆ ಮರುದಿನ ಭುಜ ನೋವು ಕಾಣಿಸಿಕೊಂಡು ಅಪಘಾತ ಪರಿಹಾರದ ಟ್ರಿಬ್ಯೂನಲ್ಲಿನಿಂದ ನೋಟಿಸ್ ಬಂದರೆ ಆಗ ಕಾಯುವುದೂ ಕಂಪೆನಿಗೆ ಬರೆದ ಈ ಕಾಗದವೇ, ಕಾಯುವುದು ಇಬ್ಬರನ್ನೂ.

ವಿಮಾ ಕಂಪೆನಿಗಳಲ್ಲಿ ಒಂದು ಕೇಳಿಕೆ ಇದೆ. ‘ಇದು ಮಾಹಿತಿ ಮಾತ್ರ, ಕ್ಲೇಮ್ ಅಲ್ಲ’ ಎಂಬ ತಲೆಬರಹದ ಒಂದು ಪುಟದ ಫಾರ್ಮನ್ನು ಕನ್ನಡದಲ್ಲಿ ಕೊಡಿ. ಅದನ್ನು ತುಂಬಿದ ಮಾತ್ರಕ್ಕೆ ಬೋನಸ್ ಕಡಿತವಾಗುವುದಿಲ್ಲ ಎಂದು ಅದರಲ್ಲೇ ಅಚ್ಚು ಹಾಕಿ. ನಿಜ ಹೇಳಿದರೆ ದಂಡ ಬೀಳುತ್ತದೆ ಎಂಬ ಹೆದರಿಕೆ ಹೋಗದೆ ಜನ ಬಾಯಿ ಬಿಡುವುದಿಲ್ಲ. ಅಂಥ ಫಾರ್ಮು ಬರುವ ತನಕ ಗಾಡಿ ಇರುವವರು ಪಾಲಿಸಿಯ ಷರತ್ತಿನ ಪುಟವನ್ನು ಒಮ್ಮೆ ಓದಿ. ಇನ್ನೊಬ್ಬರ ಗಾಡಿಗೆ ತಾಗಿದ ದಿನವೇ ನಾಲ್ಕು ಸಾಲು ಬರೆದು ಕಂಪೆನಿಗೆ ಇಮೇಲ್ ಮಾಡಿ, ಕ್ಲೇಮ್ ಬೇಡ ಎಂಬುದನ್ನೂ ಅದರಲ್ಲೇ ಬರೆದು, ಒಂದು ಪ್ರತಿ ಇಟ್ಟುಕೊಳ್ಳಿ.