ಮಗ್ಗದ ಮೇಲೆ ಭಾವಚಿತ್ರ: ಹೆಸರು ಯಾರಿಗೆ ಸಲ್ಲಬೇಕು?



ಸೊಲ್ಲಾಪುರದ ಚಾದರ ಇಲ್ಲದ ಮನೆ ನಮ್ಮ ಗಡಿಭಾಗದಲ್ಲಿ ವಿರಳ. ಅದರ ಮೇಲಿನ ಹೂಬಳ್ಳಿಗಳು ಬಣ್ಣ ಬಳಿದು ಮೂಡಿಸಿದವಲ್ಲ, ಹಾಸುಹೊಕ್ಕಿನಲ್ಲಿಯೇ ನೇಯ್ದವು ಎಂಬುದು ಎಲ್ಲರಿಗೂ ತಿಳಿದ ಮಾತು. ಈ ಜಕಾರ್ಡ್ ಮಗ್ಗದ ವಿದ್ಯೆಗೆ ಈಗ ಛಾಯಾಚಿತ್ರವೂ ಗಣಕಯಂತ್ರವೂ ಕೂಡಿಕೊಂಡಿವೆ. ಮನೆಯ ಹಿರಿಯರ ಫೋಟೋ ಕೊಟ್ಟರೆ ಅದನ್ನು ಗಣಕದಲ್ಲಿ ನಕ್ಷೆಯಾಗಿಸಿ ಬಟ್ಟೆಯಲ್ಲಿ ನೇಯಬಹುದು. ಆಗ ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ. ಯಂತ್ರ ಮಾಡಿದ್ದನ್ನು ಕಲೆ ಎನ್ನಬಹುದೆ? ಎನ್ನುವುದಾದರೆ ಅದರ ಹೆಸರು ಯಾರಿಗೆ ಸಲ್ಲಬೇಕು?

ಮೊದಲು ಇತಿಹಾಸವನ್ನು ನೋಡೋಣ. 1804ರ ಸುಮಾರಿಗೆ ಫ್ರಾನ್ಸ್ ದೇಶದ ಜೋಸೆಫ್ ಮರೀ ಜಕಾರ್ಡ್ ಎಂಬವರು ರಂಧ್ರ ಕೊರೆದ ರಟ್ಟಿನ ಪಟ್ಟಿಗಳಿಂದ ಮಗ್ಗದ ಎಳೆಗಳನ್ನು ಎತ್ತುವ ಯುಕ್ತಿಯನ್ನು ರೂಢಿಗೆ ತಂದರು. ರಂಧ್ರವಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. 1839ರಲ್ಲಿ ಅವರದೇ ಭಾವಚಿತ್ರವನ್ನು ಸುಮಾರು 24,000 ಪಟ್ಟಿಗಳ ಸಹಾಯದಿಂದ ರೇಷ್ಮೆಯಲ್ಲಿ ನೇಯಲಾಯಿತು. ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಅದರ ಒಂದು ಪ್ರತಿಯನ್ನು ತಮ್ಮ ಮನೆಯಲ್ಲಿಟ್ಟುಕೊಂಡಿದ್ದರು. ತಾವು ಕಲ್ಪಿಸಿದ ಲೆಕ್ಕದ ಯಂತ್ರಕ್ಕೂ ಇಂಥ ಪಟ್ಟಿಗಳನ್ನೇ ಯೋಜಿಸಿದರು. ಅಂದಮೇಲೆ ಗಣಕಯಂತ್ರವು ನೇಕಾರನ ಮನೆಗೆ ಪರಕೀಯವಲ್ಲ, ಮಗ್ಗದ ಮೊಮ್ಮಗನೇ ಸರಿ.

ಹಿಂದೆ ಗೆರೆಕಾಗದದ ಮೇಲೆ ಒಂದೊಂದೇ ಚೌಕ ತುಂಬಿ ನಕ್ಷೆ ಬರೆದು, ಪಟ್ಟಿ ಕೊರೆಯುತ್ತಿದ್ದರು. ಈಗ ನಕ್ಷೆ ತೆರೆಯ ಮೇಲೆ ಆಗುತ್ತದೆ, ವಿದ್ಯುನ್ಮಾನ ಜಕಾರ್ಡಿಗೆ ಪಟ್ಟಿಯೇ ಬೇಡ. ಆದರೂ ಫೋಟೋದಲ್ಲಿರುವ ನೂರಾರು ಛಾಯೆಗಳನ್ನು ಕೆಲವೇ ಬಣ್ಣದ ನೂಲಿಗೆ ಇಳಿಸುವಾಗ ಯಾವುದನ್ನು ಬಿಡಬೇಕು, ಕಣ್ಣಿನ ಹೊಳಪನ್ನು ಹೇಗೆ ಉಳಿಸಬೇಕು ಎಂಬ ವಿವೇಕ ನಕ್ಷೆಗಾರನದು. ನೂಲಿನ ಗುಣ ಅರಿಯುವವನು, ಕಡಿದ ಎಳೆಯನ್ನು ಕೂಡಿಸುವವನು ನೇಕಾರ. ಆದ್ದರಿಂದ ಇದು ಕಲೆಯೇ. ಟ್ರ್ಯಾಕ್ಟರಿನಿಂದ ಉತ್ತ ಹೊಲದ ಜೋಳವನ್ನು ಜೋಳವಲ್ಲವೆಂದು ಯಾರೂ ಹೇಳುವುದಿಲ್ಲವಷ್ಟೆ.

ಆದರೆ ಬೇರೆ ಜೋಳವನ್ನು ಮಂಗಳವೇಢೆಯ ಮಾಲದಂಡಿ ಎಂದು ಮಾರಿದರೆ ಅದು ವಂಚನೆ. ಬಟ್ಟೆಯಲ್ಲಿಯೂ ಹಾಗೆಯೇ. ಬಟ್ಟೆಯ ಮೇಲೆ ಮುದ್ರಿಸಿದ ಚಿತ್ರವನ್ನು ನೇಯ್ದದ್ದೆಂದೂ, ವಿದ್ಯುತ್ ಮಗ್ಗದ್ದನ್ನು ಕೈಮಗ್ಗದ್ದೆಂದೂ ಹೇಳಿದರೆ ದೋಷ ಯಂತ್ರದ್ದಲ್ಲ, ನಾಲಿಗೆಯದು. ಸೊಲ್ಲಾಪುರದ ಚಾದರ ಮತ್ತು ಟೆರ್ರಿ ಟವೆಲ್ 1999ರ ಕಾಯಿದೆಯಡಿ ಭೌಗೋಳಿಕ ಸೂಚಕ ಪಡೆದಿವೆ, ಕೈಮಗ್ಗಕ್ಕೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಆದರೆ ಅಂಗಡಿಕಾರನ ಮಾತು ಸುಳ್ಳಾದರೆ ಮುದ್ರೆಗಳು ಏನು ಮಾಡಿಯಾವು?

ಗಿರಾಕಿಗೆ ಚಿತ್ರ ಸಿಕ್ಕರೆ ಸಾಕು, ಹುಟ್ಟಿದ ಬಗೆ ಯಾರಿಗೆ ಬೇಕು ಎನ್ನುವವರೂ ಇದ್ದಾರೆ. ಅಗ್ಗದ ಮುದ್ರಣ ನೇಯ್ಗೆಯ ಹೆಸರಿನಲ್ಲಿ ಮಾರಾಟವಾದರೆ ನಿಜವಾಗಿ ನೇಯ್ದವನು ಅದೇ ಬೆಲೆಗೆ ಇಳಿಯಬೇಕಾಗುತ್ತದೆ. ನಷ್ಟ ಗಿರಾಕಿಗಿಂತ ನೇಕಾರನ ಒಲೆಗೆ ಹೆಚ್ಚು ತಟ್ಟುತ್ತದೆ.

ಇನ್ನು ಹೆಸರಿನ ಮಾತು. ನಮ್ಮ ಜಮಾಖರ್ಚಿನಲ್ಲಿ ನೇಕಾರನ ಕೂಲಿ ಖರ್ಚಿನ ಬದಿಗೆ ಬೀಳುತ್ತದೆ, ಅವನ ಕೈಯಿಂದ ಬೆಳೆದ ಪತ್ತು ಅಂಗಡಿಯ ಆಸ್ತಿಯಾಗುತ್ತದೆ. ಲೆಕ್ಕಶಾಸ್ತ್ರದಂತೆ ಇದು ಸರಿ, ಧರ್ಮದಂತೆ ಅಪೂರ್ಣ. ಶರಣರ ಹೆಸರುಗಳನ್ನು ನೆನೆಯಿರಿ. ಜೇಡರ ದಾಸಿಮಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ. ಅಲ್ಲಿ ವ್ಯಕ್ತಿಯನ್ನು ಕಾಯಕದೊಡನೆಯೇ ಕರೆದರು. ಶತಮಾನಗಳಾದರೂ ಆ ಹೆಸರುಗಳು ಅಳಿದಿಲ್ಲ. ಇಂದು ಭಾವಚಿತ್ರ ನೇಯಿಸುವ ವ್ಯಾಪಾರಿ ಬಟ್ಟೆಯ ಅಂಚಿಗೆ ಒಂದು ಚೀಟಿ ಹೊಲಿಸಿ ಫೋಟೋ ತೆಗೆದವರು, ನಕ್ಷೆ ಮಾಡಿದವರು, ನೇಯ್ದವರು ಯಾರೆಂದು ನಮೂದಿಸಿದರೆ ಆಗುವ ಖರ್ಚು ಎಷ್ಟು? ಗಣಕದಿಂದ ಉಳಿದ ದಿನಗಳ ಲಾಭದಲ್ಲಿ ಅವರಿಗೂ ಪಾಲು ಕೊಟ್ಟರೆ ದಾಸೋಹದ ಮಾತಿಗೆ ಅರ್ಥ ಬರುತ್ತದೆ.

ಕೊಳ್ಳುವವರಿಗೂ ಹೊಣೆಯುಂಟು. ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ಸೊಲ್ಲಾಪುರಕ್ಕೆ ಹೋದಾಗ, ಇಲ್ಲವೆ ಅಕ್ಕಲಕೋಟೆಯ ಪೇಟೆಯಲ್ಲಿ, ಚಾದರವನ್ನು ತಿರುಗಿಸಿ ನೋಡಿರಿ. ನೇಯ್ದದ್ದಾದರೆ ಹಿಂಬದಿಗೂ ಅದೇ ಆಕೃತಿ ಬಣ್ಣ ಅದಲುಬದಲಾಗಿ ಕಾಣುತ್ತದೆ. ಮುದ್ರಿಸಿದ್ದರ ಹಿಂಬದಿ ಸಾಮಾನ್ಯವಾಗಿ ಮಸುಕು. ಬೆಲೆ ಕೇಳುವ ಮೊದಲು ನೇಯ್ದವರು ಯಾರೆಂದು ಕೇಳಿರಿ. ಕೇಳುವವರು ಹೆಚ್ಚಿದಂತೆ ಹೇಳುವವರೂ ಹೆಚ್ಚುತ್ತಾರೆ.