ಹಳೆಯ ವಾಹನ ಮತ್ತು ಪರಿಗ್ರಹದ ಪ್ರಶ್ನೆ

ಒಂದು ಕುಟುಂಬವು ಒಂದೇ ಕಾರನ್ನು ದಶಕಗಳ ಕಾಲ ಇಟ್ಟುಕೊಂಡು, ಎಂಜಿನ್ನಿಗೆ ಬೋರ್ ಮಾಡಿಸಿ, ಗೇರ್‌ಬಾಕ್ಸ್ ಬದಲಿಸಿ, ತುಕ್ಕು ತಿಂದ ಬಾಗಿಲುಗಳಿಗೆ ಟಿಂಕರಿಂಗ್ ಮಾಡಿಸಿ, ಪ್ರತಿ ಆಯುಧಪೂಜೆಗೆ ಬೂದುಗುಂಬಳ ಒಡೆಯುತ್ತ ಬಂದಿದ್ದರೆ, ಕೊನೆಗೆ ಅಂಗಳದಲ್ಲಿ ನಿಂತಿರುವುದು ಮೊದಲು ಕೊಂಡ ಕಾರೇ ಎಂಬ ಸಂದೇಹ ಸಹಜವಾಗಿ ಏಳುತ್ತದೆ. ರಾಯದುರ್ಗ, ಮಡಕಶಿರಾಗಳಂಥ ಆಂಧ್ರದ ಗಡಿ ಊರುಗಳಲ್ಲಿ ಬಳ್ಳಾರಿಯ ಆಸ್ಪತ್ರೆಗೂ ಶಿರಾದ ನೆಂಟರ ಮನೆಗೂ ಕರೆದೊಯ್ದ ಅಂಬಾಸಡರ್, 2014ರಲ್ಲಿ ಅದರ ತಯಾರಿಕೆಯೇ ನಿಂತ ಬಳಿಕ, ಬಿಡಿಭಾಗ ಹುಡುಕಿ ಉಳಿಸಿಕೊಳ್ಳಬೇಕಾದ ವಸ್ತುವಾಯಿತು. 1988ರ ಮೋಟಾರು ವಾಹನ ಕಾಯ್ದೆಯು ಖಾಸಗಿ ವಾಹನಕ್ಕೆ 15 ವರ್ಷಗಳ ನೋಂದಣಿಯನ್ನೂ ಅನಂತರ ಐದೈದು ವರ್ಷಗಳ ನವೀಕರಣವನ್ನೂ ಕೊಡುತ್ತದೆ. ಎಂಜಿನ್ ಬದಲಾದರೆ ಆರ್‌ಸಿಯಲ್ಲಿ ಅದನ್ನು ತಿದ್ದಿಸಿ, ಅದೇ ವಾಹನವೆಂದು ಮುಂದುವರಿಸಬಹುದು. ಇದು ಆಡಳಿತದ ಅನುಕೂಲಕ್ಕೆ ಸಾಕಾದ ಉತ್ತರ, ತತ್ತ್ವಜಿಜ್ಞಾಸೆಗೆ ಸಾಲದು.

ಪಾಲಿ ಭಾಷೆಯ ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನನು ಮಿಲಿಂದ ರಾಜನ ರಥವನ್ನೇ ಉದಾಹರಣೆಯಾಗಿ ಹಿಡಿದು, ಚಕ್ರವಾಗಲಿ ಅಚ್ಚಾಗಲಿ ರಥವಲ್ಲ, ಅವುಗಳ ಜೋಡಣೆಗೆ ಇಟ್ಟ ಹೆಸರಷ್ಟೇ ರಥ ಎಂದು ತೋರಿಸುತ್ತಾನೆ. ಜೈನರು ಇದನ್ನು ಪೂರ್ಣವಾಗಿ ಒಪ್ಪುವುದಿಲ್ಲ. ಅವರ ಪ್ರಕಾರ ದ್ರವ್ಯ, ಅಂದರೆ ಮೂಲವಸ್ತು, ಹುಟ್ಟುವಿಕೆ, ಅಳಿವು, ನೆಲೆಗೊಳ್ಳುವಿಕೆ ಎಂಬ ಮೂರನ್ನೂ ಏಕಕಾಲದಲ್ಲಿ ಹೊಂದಿರುತ್ತದೆ. ಬದಲಾಗುವುದು ಅದರ ಪರ್ಯಾಯ, ಅಂದರೆ ಅವಸ್ಥೆ. ಈ ಚಿಂತನೆ ರಾಯದುರ್ಗಕ್ಕೆ ಪರಕೀಯವಲ್ಲ. ಅಲ್ಲಿನ ಬೆಟ್ಟದಲ್ಲಿ ಜೈನ ಶಿಲ್ಪಗಳಿವೆ. ಗುಂತಕಲ್ಲಿನ ಬಳಿಯ ಕೊನಕೊಂಡ್ಲವನ್ನು ‘ಸಮಯಸಾರ’ದ ಕರ್ತೃ ಕುಂದಕುಂದಾಚಾರ್ಯರ ಊರೆಂದು ಪರಂಪರೆ ಗುರುತಿಸುತ್ತದೆ.

ಆದರೆ ಜೈನ ಉತ್ತರವು ಹಳೆಯ ವಾಹನದ ಒಡೆಯನಿಗೆ ನಿರೀಕ್ಷಿಸಿದ ಸಮಾಧಾನವನ್ನು ಕೊಡುವುದಿಲ್ಲ. ಕಾರು ದ್ರವ್ಯವೇ ಅಲ್ಲ. ಪುದ್ಗಲ, ಅಂದರೆ ಜಡದ್ರವ್ಯ, ಅಣುಅಣುವಾಗಿ ಕೂಡಿದಾಗ ಆದ ಸ್ಕಂಧ ಮಾತ್ರ. ನಿಲ್ಲುವುದು ಪುದ್ಗಲವೇ ಹೊರತು ಕಾರಲ್ಲ. ಹಾಗಾದರೆ ‘ನಮ್ಮ ಕಾರು’ ಎಂಬ ಮಾತಿನ ತೂಕವೆಲ್ಲ ‘ನಮ್ಮ’ ಎಂಬಲ್ಲಿಗೆ ಸರಿಯುತ್ತದೆ, ಮತ್ತು ಅಸಲು ಪ್ರಶ್ನೆ ಇರುವುದೂ ಅಲ್ಲಿಯೇ. ಹಳ್ಳಿ, ನಗರ, ದೇಶಗಳನ್ನು ನನ್ನವೆಂದು ಹೇಳುವವನು ಮೋಹದಿಂದ ಹೇಳುತ್ತಾನೆಂದು ಕುಂದಕುಂದರು ವಿವರಿಸುತ್ತಾರೆ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ ರಾಯದುರ್ಗದವರಿಗೂ, 2022ರಲ್ಲಿ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರಾದವರಿಗೂ ಇದು ಬರಿಯ ಶಾಸ್ತ್ರವಾಕ್ಯವಾಗಿ ಕೇಳಿಸಲಾರದು.

ಹಾಗೆಂದು ಲೋಕದ ನುಡಿಯಾದ ವ್ಯವಹಾರನಯವನ್ನು ಕುಂದಕುಂದರು ತಳ್ಳಿಹಾಕುವುದಿಲ್ಲ. ಅದಿಲ್ಲದೆ ಪರಮಾರ್ಥವನ್ನು ಉಪದೇಶಿಸಲಾಗದು ಎನ್ನುತ್ತಾರೆ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ವು ಪರಿಗ್ರಹವನ್ನು ಮೂರ್ಛೆ, ಅಂದರೆ ಮೈಮರೆಸುವ ಮಮಕಾರ, ಎಂದು ನಿರೂಪಿಸುವುದರಿಂದ, ವಸ್ತುವನ್ನು ಬಹುಕಾಲ ಇಟ್ಟುಕೊಂಡದ್ದೇ ದೋಷವಾಗುವುದಿಲ್ಲ. ಐದು ವರ್ಷಕ್ಕೊಮ್ಮೆ ಹೊಸ ಕಾರಿಗೆ ಹಾತೊರೆಯುವ ಮನೆಗಿಂತ, ಇದ್ದುದನ್ನೇ ರಿಪೇರಿ ಮಾಡಿಸಿ ನಡೆಸಿದ ಮನೆ ಗೃಹಸ್ಥರ ಪರಿಗ್ರಹ-ಪರಿಮಾಣ ವ್ರತಕ್ಕೆ, ಅಂದರೆ ಆಸ್ತಿಗೆ ತಾನೇ ಮಿತಿ ಹಾಕಿಕೊಳ್ಳುವ ನಿಯಮಕ್ಕೆ, ಹೆಚ್ಚು ಹತ್ತಿರ ನಿಲ್ಲುತ್ತದೆಂಬುದು ನಿಸ್ಸಂದೇಹ.

ಇಲ್ಲಿ ಅಹಿಂಸೆ ಅಡ್ಡ ಬರುತ್ತದೆ. ಗಾಳಿಯನ್ನೇ ದೇಹವಾಗಿ ಉಳ್ಳ ವಾಯುಕಾಯಿಕ ಜೀವಿಗಳನ್ನೂ ಗಣಿಸುವ ಧರ್ಮಕ್ಕೆ ಹಳೆಯ ಎಂಜಿನ್ನಿನ ಕಪ್ಪುಹೊಗೆ ಸಣ್ಣ ವಿಷಯವಲ್ಲ. ಬೀದಿಯಲ್ಲಿ ಉಸಿರಾಡುವ ಮಕ್ಕಳಿಗಂತೂ ಅಲ್ಲವೇ ಅಲ್ಲ. ಹೊಗೆ ಹತೋಟಿಗೆ ಬಾರದ ದಿನದಿಂದ ಮಿತವ್ಯಯದ ವಾದ ಸೋಲುತ್ತದೆ, ಆ ಬಳಿಕ ಕಾರನ್ನು ಹಿಡಿದಿಟ್ಟಿರುವುದು ಮೂರ್ಛೆಯೇ. ಓಡದ ಕಾರಿಗೆ ಹೊದಿಕೆ ಹಾಕಿ ಹಿತ್ತಲಲ್ಲಿ ನಿಲ್ಲಿಸಿದರೂ ಪರಿಮಾಣದ ಲೆಕ್ಕದಲ್ಲಿ ಅದು ಒಂದು ವಾಹನವೇ ಆಗಿರುವುದರಿಂದ, ಒಂದೇ ವಾಹನದ ಮಿತಿ ಹಾಕಿಕೊಂಡ ವ್ರತಿಯು ಇನ್ನೊಂದನ್ನು ಕೊಳ್ಳುವ ಮುನ್ನ ಅದನ್ನು ಬಿಡಬೇಕಾಗುತ್ತದೆ.